ರಾಜಾಜಿನಗರದ ಭಾನುವಾರದ ಇಂಗ್ಲಿಷ್ ಕ್ಲಾಸು: ಆಫೀಸಿನಲ್ಲಿ ಬರೆಯುವವರಿಗೆ ಖಂಡಿತ ಹೇಳುತ್ತೇನೆ, ಹೋಗಿ

ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿಸುವ ಬೋರ್ಡು ಬೀದಿಗೊಂದು ಇದೆ. ಹೆಚ್ಚಿನವು ಮಾತಾಡಲು ಕಲಿಸುವ ಕ್ಲಾಸುಗಳು, ಇಂಟರ್‌ವ್ಯೂಗೆ ಹೋಗುವ ಹುಡುಗರಿಗೆ. ನನಗೆ ಬೇಕಿದ್ದದ್ದು ಬರೆಯುವ ಇಂಗ್ಲಿಷ್. ಪೀಣ್ಯದಲ್ಲಿ ಮಷೀನಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದೇನೆ. ಕೊಟೇಷನ್, ಪೇಮೆಂಟ್ ರಿಮೈಂಡರ್, ಮಾಲು ತಡವಾದರೆ ಸಮಜಾಯಿಷಿ, ಎಲ್ಲವೂ ನನ್ನ ಟೇಬಲ್ಲಿನಿಂದಲೇ ಹೋಗಬೇಕು. ಮೊದಲು ಸೇರಿದ್ದ ಒಂದು ದೊಡ್ಡ ಕೋಚಿಂಗ್ ಸೆಂಟರಿನಲ್ಲಿ ಬಿಟ್ಟ ಸ್ಥಳ ತುಂಬುವ ಹಾಳೆಗಳನ್ನು ಕೊಟ್ಟು ಕೂರಿಸಿದರು. ಇನ್, ಆನ್, ಅಟ್ ಎಂದು ತುಂಬಿದ್ದೇ ತುಂಬಿದ್ದು. ಅದರಿಂದ ಒಂದು ಮೇಲ್ ಕೂಡ ಸುಧಾರಿಸಲಿಲ್ಲ.

ಈ ಕ್ಲಾಸು ನಡೆಯುವುದು ಜೆರಾಕ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಭಾನುವಾರ ಬೆಳಿಗ್ಗೆ 10ರಿಂದ 12. ಪಾಠ ಮಾಡುವವರು ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರು. ಒಂದು ಬ್ಯಾಚು ಪೂರ್ತಿ ಪ್ರಿಪೋಸಿಷನ್ ಫ್ರೇಸುಗಳಿಗೇ ಮೀಸಲು, ಅಂದರೆ ಇನ್, ಆನ್, ವಿತ್ ಥರದ ಪದಗಳಿಂದ (ಇವೇ ಪ್ರಿಪೋಸಿಷನ್) ಶುರುವಾಗುವ ತುಂಡುಗಳಿಗೆ. ಪ್ರಿಪೋಸಿಷನ್ ಒಂದನ್ನೇ ಕಿತ್ತು ಉರು ಹೊಡೆಸುವುದಿಲ್ಲ. ಅದು ತನ್ನ ಹಿಂದೆ ಎಳೆದು ತರುವ ನಾಮಪದವನ್ನೂ ಸೇರಿಸಿ ಇಡಿಯಾಗಿ ನೋಡಬೇಕು, ಆ ಇಡೀ ತುಂಡು ವಾಕ್ಯದಲ್ಲಿ ಎಲ್ಲಿ ಕೂತಿದೆ, ಯಾರನ್ನು ಹಿಡಿದುಕೊಂಡಿದೆ ಎಂದು ಹುಡುಕಬೇಕು. ಇದಕ್ಕೆ ಅವರು ಬಳಸುವುದು ನಿಜವಾದ ಕಾಗದಗಳನ್ನು: ಅಪಾರ್ಟ್‌ಮೆಂಟಿನ ನೋಟಿಸು, ಆಫರ್ ಲೆಟರು, ಬ್ಯಾಂಕಿನ ಪತ್ರ. ಹೆಸರುಗಳ ಮೇಲೆ ಕಪ್ಪು ಗೀಟು ಎಳೆದು ಹಂಚುತ್ತಾರೆ.

ಒಂದು ವಾಕ್ಯ ಹೇಳುತ್ತೇನೆ. ‘ಪ್ಲೀಸ್ ಸೆಂಡ್ ದ ಬಾಕ್ಸ್ ಟು ದ ಕಸ್ಟಮರ್ ವಿತ್ ದ ಬ್ರೋಕನ್ ಸೀಲ್.’ ಸೀಲು ಒಡೆದಿರುವುದು ಬಾಕ್ಸಿನದು. ಆದರೆ ‘ವಿತ್ ದ ಬ್ರೋಕನ್ ಸೀಲ್’ ಕೊನೆಗೆ ಹೋಗಿ ಕಸ್ಟಮರ್ ಪಕ್ಕ ಕೂತಿದೆ. ಮೇಷ್ಟ್ರು ಬೋರ್ಡಿನ ಮೇಲೆ ಅದರ ಸುತ್ತ ಗೆರೆ ಎಳೆದು, ಬಾಣ ಹಾಕಿ, ‘ಬಾಕ್ಸ್’ ಪಕ್ಕಕ್ಕೆ ತಂದು ನಿಲ್ಲಿಸಿದರು. ‘ನೋಡಮ್ಮಾ, ಕನ್ನಡದಲ್ಲಿ ಸೀಲ್ ಒಡೆದ ಬಾಕ್ಸು ಅಂತೀವಿ. ವಿಶೇಷಣ ಮುಂದೆ, ಬಾಕ್ಸು ಹಿಂದೆ. ಗಲಿಬಿಲಿಗೆ ಅವಕಾಶವೇ ಕಮ್ಮಿ. ಇಂಗ್ಲಿಷಿನಲ್ಲಿ ಈ ಫ್ರೇಸು ನಾಮಪದದ ಹಿಂದೆ ಬರುತ್ತೆ. ಹತ್ತಿರ ಯಾರಿದ್ದರೆ ಅವರನ್ನೇ ಹಿಡ್ಕೊಳ್ಳುತ್ತೆ’ ಎಂದರು. ನಮ್ಮಂಥ ಕನ್ನಡ ಮೀಡಿಯಂನವರಿಗೆ ತೊಡಕು ಹುಟ್ಟುವುದೇ ಇಲ್ಲಿ, ಆದರೆ ಇದನ್ನು ಹೀಗೆ ಬಿಡಿಸಿ ಹೇಳಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಅದೇ ಪಾಠದ ಮುಂದುವರಿಕೆ ‘ದ ಲಿಸ್ಟ್ ಆಫ್ ಐಟಮ್ಸ್’. ಕ್ರಿಯಾಪದಕ್ಕೆ ಹತ್ತಿರ ಇರುವುದು ಐಟಮ್ಸ್, ಹಾಗಾಗಿ ಕೈ ತಾನಾಗಿ ‘ಆರ್’ ಎಂದು ಟೈಪ್ ಮಾಡುತ್ತದೆ. ಆದರೆ ಕರ್ತೃ ಆಗಿರುವುದು ಲಿಸ್ಟ್, ‘ಈಸ್’ ಬರಬೇಕು. ‘ಆಫ್ ಐಟಮ್ಸ್’ ಎಂಬ ತುಂಡನ್ನು ಬೆರಳಿನಲ್ಲಿ ಮುಚ್ಚಿ ಓದಿಸುತ್ತಾರೆ. ಸುಲಭದ ಉಪಾಯ, ಈಗ ನಮ್ಮ ಆಫೀಸಿನಲ್ಲೂ ಇಬ್ಬರು ಸ್ಕ್ರೀನಿನ ಮೇಲೆ ಬೆರಳಿಟ್ಟು ಓದುತ್ತಾರೆ.

ನನಗೆ ಎಲ್ಲಕ್ಕಿಂತ ಬೆಲೆಬಾಳುವ ಪಾಠ ‘ಬೈ’ ಮತ್ತು ‘ಅಂಟಿಲ್’ ಬಗ್ಗೆ. ನಮಗೆ ಮಾಲು ಕೊಡುವ ಒಬ್ಬರು ಒಮ್ಮೆ ‘ವಿ ವಿಲ್ ಡೆಲಿವರ್ ಅಂಟಿಲ್ ದ ಟ್ವೆಂಟಿಯತ್’ ಎಂದು ಬರೆದಿದ್ದರು. 20ರವರೆಗೆ ದಿನಾ ಒಂದಿಷ್ಟು ಬರುತ್ತದೆ ಎಂದು ಸ್ಟೋರ್ಸಿನವರು ಅಂದುಕೊಂಡರು, ಅದರ ಪ್ರಕಾರ ಮಷೀನಿಗೆ ಕೆಲಸ ಹಂಚಿದರು. ಮಾಲು ಬಂದದ್ದು 20ರ ಸಂಜೆ, ಎಲ್ಲಾ ಒಟ್ಟಿಗೆ. ಅಷ್ಟು ದಿನ ಎರಡು ಮಷೀನು ಸುಮ್ಮನೆ ನಿಂತಿದ್ದವು. ಅವರು ಹೇಳಬೇಕಿದ್ದದ್ದು ‘20ರೊಳಗೆ’, ಅಂದರೆ ‘ಬೈ’. ಬರೆದದ್ದು ‘20ರವರೆಗೆ’. ಕನ್ನಡದಲ್ಲಿ ಒಳಗೆ, ವರೆಗೆ ಎಂಬ ವ್ಯತ್ಯಾಸವನ್ನು ನಾವು ಯಾರೂ ತಪ್ಪುವುದಿಲ್ಲ. ಆ ಜೋಡಿಯನ್ನೇ ಪಕ್ಕದಲ್ಲಿಟ್ಟು ಮೇಷ್ಟ್ರು ಕಲಿಸಿದರು. ಕೆಲಸ ಒಂದು ಗಡುವಿನೊಳಗೆ ಮುಗಿಯುವುದಾದರೆ ‘ಬೈ ಫ್ರೈಡೇ’, ಒಂದು ಸ್ಥಿತಿ ಅಲ್ಲಿಯತನಕ ಮುಂದುವರಿಯುವುದಾದರೆ ‘ಅಂಟಿಲ್ ಫ್ರೈಡೇ’. ಹಾಗಾಗಿ ಕೊಟೇಷನ್ನಿನ ದರಕ್ಕೆ ‘ವ್ಯಾಲಿಡ್ ಅಂಟಿಲ್ ಥರ್ಟಿಫಸ್ಟ್ ಮಾರ್ಚ್’, ಹಣ ಕೇಳುವಾಗ ‘ಪೇ ಬೈ ಥರ್ಟಿಫಸ್ಟ್ ಮಾರ್ಚ್’.

‘ಡಿಸ್ಕಸ್ ಅಬೌಟ್’ ಕೂಡ ಹೀಗೇ ಬಿಡಿಸಿದರು. ‘ಅದರ ಬಗ್ಗೆ ಚರ್ಚಿಸೋಣ’ ಎಂದು ಯೋಚಿಸಿ ಬರೆದಾಗ ‘ಬಗ್ಗೆ’ ಜೊತೆಗೇ ಬಂದುಬಿಡುತ್ತದೆ. ಇಂಗ್ಲಿಷಿನ ‘ಡಿಸ್ಕಸ್’ ನೇರವಾಗಿ ಕರ್ಮಪದವನ್ನು ತೆಗೆದುಕೊಳ್ಳುತ್ತದೆ, ‘ಅಬೌಟ್’ ಬೇಕಾಗುವುದು ‘ಡಿಸ್ಕಷನ್’ ಎಂಬ ನಾಮಪದಕ್ಕೆ. ‘ಇನ್ ದ ಆಟೋ’, ‘ಆನ್ ದ ಬಸ್’, ‘ಆನ್ ದ ಮೆಟ್ರೋ’ ಎಲ್ಲಾ ಐದು ನಿಮಿಷದಲ್ಲಿ ಮುಗಿಯಿತು: ಎದ್ದು ನಿಂತು ಓಡಾಡಬಹುದಾದ ಗಾಡಿಗೆ ಸಾಮಾನ್ಯವಾಗಿ ಆನ್, ಕೂತೇ ಹೋಗಬೇಕಾದ ಕಾರು ಆಟೋಗಳಿಗೆ ಇನ್.

ದಿನಬಳಕೆಯ ಬರಹ ಮತ್ತು ಔಪಚಾರಿಕ ಬರಹದ ಪಾಠ ಎರಡು ವಾರ ನಡೆಯುತ್ತದೆ. ಬೋರ್ಡಿನ ನಡುವೆ ಗೆರೆ. ಎಡಕ್ಕೆ ‘ಅಬೌಟ್’, ಬಲಕ್ಕೆ ‘ವಿತ್ ರಿಗಾರ್ಡ್ ಟು’. ಎಡಕ್ಕೆ ‘ಬಿಫೋರ್’, ಬಲಕ್ಕೆ ‘ಪ್ರಯರ್ ಟು’. ಹೀಗೆ ಬೋರ್ಡು ತುಂಬುತ್ತದೆ. ‘ವಿತ್ ರಿಗಾರ್ಡ್ಸ್ ಟು’ ಎಂದು ಎಸ್ ಸೇರಿಸುವವರನ್ನು ಅವರು ಅಲ್ಲೇ ನಿಲ್ಲಿಸುತ್ತಾರೆ. ಅವರ ನಿಲುವು ಖಚಿತ: ಬಲಗಡೆಯದು ಗಾಂಭೀರ್ಯಕ್ಕೆ ಅಂತ ಬೇಡ, ಕೆಲಸ ಇದ್ದರೆ ಮಾತ್ರ ಬಳಸಿ. ‘ವಿತ್ ಎಫೆಕ್ಟ್ ಫ್ರಂ ಫಸ್ಟ್ ಏಪ್ರಿಲ್’ ಎಂಬುದಕ್ಕೆ ಕೆಲಸ ಇದೆ, ಏಕೆಂದರೆ ಆದೇಶದ ಪತ್ರ ಯಾವತ್ತಿನದೇ ಆಗಿರಲಿ, ಸಂಬಳದ ಲೆಕ್ಕ ಶುರುವಾಗಬೇಕಾದ ದಿನ ಅದು. ಆಫರ್ ಲೆಟರಿನ ‘ಇನ್ ಲ್ಯೂ ಆಫ್ ನೋಟಿಸ್’ ಕೂಡ ಹಾಗೆಯೇ. ನೋಟಿಸ್ ಅವಧಿ ಪೂರೈಸುವ ಬದಲು ಅಷ್ಟು ಹಣ ಎಂಬ ಅರ್ಥ. ಕ್ಲಾಸಿನಲ್ಲಿದ್ದ ಕೆಲಸ ಬದಲಿಸುವ ವಯಸ್ಸಿನ ಹುಡುಗರು ಅವತ್ತು ತಲೆಯೆತ್ತದೆ ಬರೆದುಕೊಂಡರು.

ಒಂದು ಕಡೆ ಮಾತ್ರ ನಾನು ಅವರನ್ನು ಒಪ್ಪುವುದಿಲ್ಲ. ‘ವಿತ್ ರೆಫರೆನ್ಸ್ ಟು ಯುವರ್ ಲೆಟರ್’ ಎಂದು ಪತ್ರ ಶುರು ಮಾಡುವುದು ಹಳೇ ಗುಮಾಸ್ತರ ಶೈಲಿ, ಬಿಡಿ ಎನ್ನುತ್ತಾರೆ. ಸರ್ಕಾರಿ ಕಚೇರಿಗೆ ಬರೆಯುವಾಗ ಅದನ್ನು ಬಿಡಲಾಗದು. ಆಚೆ ಟೇಬಲ್ಲಿನವರು ಫೈಲು ಹುಡುಕುವುದೇ ಆ ಸಾಲಿನಲ್ಲಿರುವ ಪತ್ರದ ಸಂಖ್ಯೆ, ದಿನಾಂಕ ನೋಡಿ. ಎದ್ದು ನಿಂತು ಹೇಳಿದೆ. ‘ನೀವು ದಿನಾ ಬರೆಯೋರು, ನಿಮ್ಮ ಮಾತೂ ಇರಲಿ’ ಎಂದು ಬೋರ್ಡಿನ ಮೂಲೆಯಲ್ಲಿ ಅದನ್ನೂ ಬರೆದರು.

ವಾಕ್ಯದ ಕೊನೆಗೆ ಪ್ರಿಪೋಸಿಷನ್ ಬರಬಾರದು ಎಂದು ಸ್ಕೂಲಿನಲ್ಲಿ ಹೊಡೆಸಿಕೊಂಡವರು ನಮ್ಮಲ್ಲಿ ಹಲವರಿದ್ದೇವೆ. ಆ ಆಕ್ಷೇಪವನ್ನು 1672ರಲ್ಲೇ ಜಾನ್ ಡ್ರೈಡನ್ ಎಂಬ ಕವಿ ನಾಟಕಕಾರ ಬೆನ್ ಜಾನ್ಸನ್ನನ ಸಾಲಿನ ಮೇಲೆ ಎತ್ತಿದ್ದ, ಆಮೇಲೆ ವ್ಯಾಕರಣದ ಮೇಷ್ಟ್ರುಗಳು ಅದನ್ನು ಹಿಡಿದುಕೊಂಡರು ಎಂದು ಇಲ್ಲಿ ಗೊತ್ತಾಯಿತು. ವಕೀಲರ ನೋಟಿಸಿಗೆ ‘ದ ಪರ್ಸನ್ ಟು ಹೂಮ್ ಐ ಸ್ಪೋಕ್’, ಸಹೋದ್ಯೋಗಿಗೆ ‘ದ ಪರ್ಸನ್ ಐ ಸ್ಪೋಕ್ ಟು’. ಎರಡೂ ಸರಿ.

ಬೀದಿಯ ಬೋರ್ಡು ಓದಿಕೊಂಡು ಬನ್ನಿ ಎಂಬ ಹೋಂವರ್ಕ್ ನನಗೆ ತುಂಬಾ ಇಷ್ಟವಾಯಿತು. ಸೈಟಿನ ಜಾಹೀರಾತುಗಳಲ್ಲಿ ‘ಆಫ್ ಕನಕಪುರ ರೋಡ್’ ಎಂದು ಇರುತ್ತದಲ್ಲ, ಆ ‘ಆಫ್’ (ಎರಡು ಎಫ್‌ನ off) ಹೇಳುವುದು ಮುಖ್ಯರಸ್ತೆಯಿಂದ ಕವಲೊಡೆದ ಜಾಗ ಎಂದಷ್ಟೇ. ಎಷ್ಟು ಒಳಗೆ ಎಂದು ಅದು ಹೇಳುವುದಿಲ್ಲ. ‘ಆನ್ ಕನಕಪುರ ರೋಡ್’ ಎಂದಿದ್ದರೆ ಮಾತ್ರ ರಸ್ತೆಗೆ ಮುಖ ಮಾಡಿದ ಸೈಟು. ದುಡ್ಡು ಹಾಕುವ ಮುಂಚೆ ಇದನ್ನು ತಿಳಿದುಕೊಂಡಿರಬೇಕು.

ಕೊರತೆಗಳೂ ಇವೆ. ಅಮೆರಿಕದ ಬಳಕೆಯನ್ನು ಮುಟ್ಟುವುದೇ ಇಲ್ಲ. ‘ಅಟ್ ದ ವೀಕೆಂಡ್’ ಎಂದು ಕಲಿಸಿ ಬಿಡುತ್ತಾರೆ, ಅಲ್ಲಿಯವರು ಬರೆಯುವ ‘ಆನ್ ದ ವೀಕೆಂಡ್’, ‘ಮಂಡೇ ಥ್ರೂ ಫ್ರೈಡೇ’ ಬಗ್ಗೆ ಮಾತಿಲ್ಲ. ಅರ್ಧ ಬೆಂಗಳೂರು ಅಮೆರಿಕದ ಕ್ಲೈಂಟುಗಳಿಗೆ ಮೇಲ್ ಬರೆಯುತ್ತಿರುವಾಗ ಇದು ಇರಲೇಬೇಕು. ಕೈಬರಹದ ನೋಟ್ಸಿನ ಜೆರಾಕ್ಸು ಮಸುಕು, ಕೊನೆಯ ಸಾಲುಗಳು ಓದಲಿಕ್ಕೆ ಬರುವುದಿಲ್ಲ. ಕೋಣೆಗೆ ಒಂದೇ ಕಿಟಕಿ, ಹಿಂದಿನ ಬೆಂಚಿನವರಿಗೆ ಸೆಕೆ. ಫೀಸು ತಿಂಗಳಿಗೆ 1,500 ರೂಪಾಯಿ, ಕಲಿಸುವುದಕ್ಕೆ ಹೋಲಿಸಿದರೆ ನ್ಯಾಯವಾದದ್ದು.

ಇಂಗ್ಲಿಷ್ ಮಾತಾಡಲು ಕಲಿಯಬೇಕೆಂದು ಹೋದರೆ ನಿರಾಸೆಯಾಗುತ್ತದೆ, ಅಲ್ಲಿ ಪಾಠ ಪೂರ್ತಿ ಕನ್ನಡದಲ್ಲೇ. ಅಕೌಂಟ್ಸ್, ಡಿಸ್ಪ್ಯಾಚ್, ಅಪಾರ್ಟ್‌ಮೆಂಟ್ ಸಂಘದ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಹೊಸ ಬ್ಯಾಚು ತಿಂಗಳ ಮೊದಲ ಭಾನುವಾರ ಶುರುವಾಗುತ್ತದೆ. ಹೋಗುವಾಗ ನೀವೇ ಬರೆದ ಎರಡು ಮೇಲುಗಳ ಪ್ರಿಂಟು ಇಟ್ಟುಕೊಳ್ಳಿ, ಕಂಪನಿ ಹೆಸರು ಮತ್ತು ರೇಟು ಅಳಿಸಿ. ಮೊದಲ ದಿನವೇ ಕೇಳುತ್ತಾರೆ.