ದೇವರಕಾಡು, ಕಾಫಿ ತೋಟ, ಹೊಳೆದಂಡೆ, ಹಿತ್ತಲು: ಒತ್ತಡದ ಕಾಯಿಲೆಗೆ ಯಾವುದು ಒಗ್ಗುತ್ತದೆ?

ಒತ್ತಡದಿಂದ ನಿದ್ದೆ ಕೆಟ್ಟವರು, ಕೆಲಸದಲ್ಲಿ ಪೂರ್ತಿ ಬಸವಳಿದವರು ಕೊಡಗಿಗೆ ಬಂದರೆ ಮೊದಲು ಸಿಗುವ ಸಲಹೆ ತಡಿಯಂಡಮೋಳ್ ಹತ್ತಿ ಎಂದು. 1,748 ಮೀಟರ್ ಎತ್ತರದ ಬೆಟ್ಟ ಗಟ್ಟಿ ಮೈಯವರಿಗೆ ಸರಿ. ಬಸವಳಿದವರಿಗೆ ಅದು ಮುಗಿಸಲೇಬೇಕಾದ ಇನ್ನೊಂದು ಟಾರ್ಗೆಟ್. ಅದಕ್ಕೇ ಚಾರಣವನ್ನು ಬಿಟ್ಟು ದೇವರಕಾಡು, ಕಾಫಿ ತೋಟ, ಹೊಳೆದಂಡೆ, ಹಿತ್ತಲು ಈ ನಾಲ್ಕನ್ನಷ್ಟೇ ಇಲ್ಲಿ ಹೋಲಿಸಿದ್ದೇವೆ.

ನಾವು ಅಳೆದದ್ದು ಸರಳವಾಗಿ: ಹೋಗುವ ಮುಂಚೆ ಮತ್ತು ಬಂದ ಮೇಲೆ ಮನಸ್ಸಿನ ಬಿಗಿತಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ, ಜೊತೆಗೆ ಆ ರಾತ್ರಿಯ ನಿದ್ದೆಯ ಲೆಕ್ಕ. ನಾಡಿಬಡಿತ ನೆಚ್ಚಿಕೊಳ್ಳಬೇಡಿ, ಎದೆಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಅದು ಹೇಗೂ ತಗ್ಗಿರುತ್ತದೆ.

ಜಪಾನಿನಲ್ಲಿ 1982ರಲ್ಲಿ ಶಿನ್ರಿನ್-ಯೋಕು ಎಂದು ಹೆಸರು ಪಡೆದ ಕಾಡಿನ ನಿಧಾನ ನಡಿಗೆಗೆ, ದೇವರ ಹೆಸರಲ್ಲಿ ಊರವರು ಕಾಪಾಡಿಕೊಂಡ ದೇವರಕಾಡಿಗಿಂತ ಒಳ್ಳೆ ಜಾಗ ಜಿಲ್ಲೆಯಲ್ಲಿಲ್ಲ. ನಲವತ್ತು ನಿಮಿಷಕ್ಕೆ ಅರ್ಧ ಕಿಲೋಮೀಟರ್ ಸಾಕು. ಅದಕ್ಕಿಂತ ಬೇಗ ನಡೆದರೆ ಅದು ವಾಕಿಂಗ್ ಆಗುತ್ತದೆ. ಊರಿನ ಮುಖಂಡರಾದ ತಕ್ಕರನ್ನು ಕೇಳದೆ ಒಳಗೆ ಕಾಲಿಡಬೇಡಿ. ಹಬ್ಬದ ಮುಂಚಿನ ಕಟ್ಟು, ಅಂದರೆ ಊರಿನ ನಿರ್ಬಂಧ, ಇರುವ ದಿನಗಳಲ್ಲಂತೂ ಆ ಕಡೆ ಹೋಗಲೇಬೇಡಿ. ಗಾಬರಿ ಕಾಯಿಲೆಯವರಿಗೆ ಹತ್ತು ಮಾರಿನಾಚೆ ಏನೂ ಕಾಣದ ದಟ್ಟ ನೆರಳು ಬಿಗಿತವನ್ನು ಏರಿಸುವುದುಂಟು. ಅವರನ್ನು ಕಾಡಿನ ಅಂಚಿನಲ್ಲಿ, ಬಂದ ದಾರಿ ಕಾಣುವಂತೆ ಕೂರಿಸಬೇಕು.

ಕಾಫಿ ತೋಟದಲ್ಲಿ ನೆರಳೂ ಇದೆ, ದಾರಿಯೂ ಕಾಣುತ್ತದೆ. ಹೊರಗಿನಿಂದ ಬಂದವರಿಗೆ ಇದು ಚೆನ್ನಾಗಿ ಹಿಡಿಸಿತು. ಬೆಳೆಗಾರರ ಕತೆ ಬೇರೆ. ತಮ್ಮದೇ ತೋಟದಲ್ಲಿ ನಡೆಯುವವರಿಗೆ ಗಿಡ ಕಾಣುವುದಿಲ್ಲ, ಕಾಫಿ ಕಾಯಿ ಕೊರೆಯುವ ಬೆರ್ರಿ ಬೋರರ್ ಹುಳ ಕಾಣುತ್ತದೆ, ಮುರಿದ ರೆಂಬೆ ಕಾಣುತ್ತದೆ, ಶನಿವಾರದ ಬಟವಾಡೆ ನೆನಪಾಗುತ್ತದೆ. ಮನಸ್ಸು ದಿನನಿತ್ಯದ ಹೊರೆಯಿಂದ ದೂರ ಸರಿದರಷ್ಟೇ ದಣಿದ ಗಮನ ಚೇತರಿಸಿಕೊಳ್ಳುತ್ತದೆ ಎಂದು ಮನೋವಿಜ್ಞಾನಿಗಳಾದ ಕಪ್ಲನ್ ದಂಪತಿ ವಾದಿಸಿದ್ದರು. ಸ್ವಂತ ತೋಟದಲ್ಲಿ ಆ ದೂರವೇ ಸಿಗದು. ಬೆಳೆಗಾರರು ಪಕ್ಕದವರ ತೋಟಕ್ಕೆ ಹೋಗಲಿ. ಕಾಲವನ್ನೂ ನೋಡಬೇಕು: ಹೂ ಬಿಟ್ಟ ವಾರದ ಗಾಢ ಪರಿಮಳ ಮೈಗ್ರೇನ್ ಇರುವವರಿಗೆ ತಲೆನೋವು ತರಬಹುದು, ಶಿಲೀಂಧ್ರ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ದಿನ ಯಾರೂ ಬೇಡ, ಹಲಸು ಹಣ್ಣಾಗುವಾಗ ಆನೆಗಳು ತೋಟಕ್ಕಿಳಿಯುತ್ತವೆ. ಬೆಳಗಿನ ಎಂಟಕ್ಕೆ ಮುಂಚೆ, ಸಂಜೆ ಐದರ ನಂತರ ಬೇಡ.

ಹೊಳೆದಂಡೆಗೆ ಹೆಚ್ಚು ಮಾತು ಬೇಕಿಲ್ಲ. ಹರಿಯುವ ನೀರಿನ ಸದ್ದು ತಲೆಯೊಳಗಿನ ಗದ್ದಲವನ್ನು ಮುಚ್ಚುತ್ತದೆ. ಆದರೆ ಕುಶಾಲನಗರದ ಹತ್ತಿರ ಕಾವೇರಿ ನಡುಗಡ್ಡೆಯಲ್ಲಿರುವ ನಿಸರ್ಗಧಾಮಕ್ಕೆ ಭಾನುವಾರ ಹೋದರೆ ಸಿಗುವುದು ಜನರ ಗದ್ದಲ. ವಾರದ ನಡುವೆ, ಬಾಗಿಲು ತೆರೆದ ಕೂಡಲೇ ಹೋಗಿ. ಮಳೆಗಾಲದಲ್ಲಿ ಕಾವೇರಿಯ ಹತ್ತಿರ ಸುಳಿಯಬೇಡಿ.

ನಮ್ಮ ಮತ ಹಿತ್ತಲಿಗೆ, ಅದರಲ್ಲೂ ಮೊದಲ ತಿಂಗಳಿಗೆ. ಸ್ವೀಡನ್ನಿನ ಆಲ್ನಾರ್ಪ್‌ನಲ್ಲಿ 2002ರಿಂದ ನಡೆದ ಚಿಕಿತ್ಸಾ ತೋಟದ ಹಿಂದಿನ ವಿಚಾರ ಇಲ್ಲಿಗೂ ಹೊಂದುತ್ತದೆ: ತೀರಾ ಬಳಲಿದವರಿಂದ ಏನನ್ನೂ ಬೇಡದ ಜಾಗ ಮೊದಲು, ಕೈಗೆ ಕೆಲಸ ಆಮೇಲೆ, ಜನರ ಜೊತೆ ಬೆರೆಯುವುದು ಕೊನೆಗೆ. ಹಾಗಾಗಿ ಮೊದಲ ವಾರ ಬರೀ ಕುರ್ಚಿ. ಆಮೇಲೆ ಹನ್ನೆರಡು ಇಂಚಿನ ನಾಲ್ಕು ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), ಅದಕ್ಕಿಂತ ಹೆಚ್ಚು ಬೇಡ. ಎರಡು ಪಾಲು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಮರಳು ಕಡಿಮೆಯಾದರೆ ನೀರು ಬಸಿಯದೆ ಬೇರು ಕೊಳೆಯುತ್ತದೆ. ಒಂದರಲ್ಲಿ ಮೆಂತ್ಯ ಬಿತ್ತಿ. ವಾರದೊಳಗೆ ಮೊಳಕೆ ಕಾಣುತ್ತದೆ, ಆ ಬೇಗದ ಗೆಲುವು ಬೇಕೇ ಬೇಕು. ಇನ್ನೊಂದರಲ್ಲಿ ದೊಡ್ಡಪತ್ರೆಯ ಕಡ್ಡಿ ಊರಿದರೆ ಸಾಕು, ತಾನೇ ಬೇರು ಬಿಡುತ್ತದೆ. ಎಲೆ ಹಿಸುಕಿ ಮೂಸುವುದೇ ಒಂದು ಅಭ್ಯಾಸವಾಗುತ್ತದೆ. ಟೊಮೆಟೊ ಬೇಡ. ಅಂಗಮಾರಿ ರೋಗ ಬಂದು ಗಿಡ ಸತ್ತರೆ ಖಿನ್ನತೆಯಲ್ಲಿರುವವರು ಅದನ್ನೂ ತಮ್ಮ ತಪ್ಪಿನ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಬ್ಯಾಗುಗಳನ್ನು ಮೇಜಿನ ಎತ್ತರದಲ್ಲಿಡಿ: ರಕ್ತದೊತ್ತಡದ ಮಾತ್ರೆಯವರು ಬಗ್ಗಿ ಎದ್ದಾಗ ತಲೆಸುತ್ತಿ ಬೀಳಬಹುದು.

ಎಷ್ಟು ಹೊತ್ತು? ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಬಂದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯಲ್ಲಿ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದದ್ದು ಹೆಚ್ಚು. ಒಂದೇ ಸಲ ಕಳೆದರೂ ಹಂಚಿಕೊಂಡರೂ ವ್ಯತ್ಯಾಸ ಕಾಣಲಿಲ್ಲ. ಬಳಲಿದವರಿಗೆ ಎರಡು ಗಂಟೆ ಒಟ್ಟಿಗೆ ಆಗದು. ದಿನಕ್ಕೆ ಇಪ್ಪತ್ತು ನಿಮಿಷವೇ ವಾಸಿ, ಅದನ್ನು ಹಿತ್ತಲಷ್ಟು ಸುಲಭವಾಗಿ ಬೇರೆ ಯಾವುದೂ ಕೊಡದು. ಜೂನ್ ಮಳೆ ಹಿಡಿದ ಮೇಲೆ ಇಂಬಳದ (ಜಿಗಣೆಯ) ಕಾಟಕ್ಕೆ ಕಾಡೂ ತೋಟವೂ ಕೈಬಿಡುತ್ತವೆ. ಆಗ ಬ್ಯಾಗುಗಳನ್ನು ಜಗಲಿಗೆ ಎತ್ತಿಡಿ. ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಬದುಕು ಬೇಡವೆನಿಸುವ ಯೋಚನೆ ಬಂದರೆ ಗಿಡದ ಮಾತು ಬಿಟ್ಟು 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ.