ಒಂದೇ ಕುದುರೆಯ ಟ್ರೇಲರ್: ಪೀಣ್ಯದಲ್ಲಿ ಕಟ್ಟಿಸಿದ್ದು ಹೇಗಿದೆ?

ಗಾಡಿಯ ಹಿಂದೆ ಸಿಕ್ಕಿಸಿಕೊಂಡು ಒಂದು ಕುದುರೆ ಒಯ್ಯುವ ಟ್ರೇಲರನ್ನು ಪೀಣ್ಯದ ಒಂದು ಶೆಡ್ಡಿನಲ್ಲಿ ಕಟ್ಟಿಸಿದೆ. ನೇರವಾಗಿ ಹೇಳಬೇಕು ಅಂದರೆ ಟ್ರೇಲರ್ ಚೆನ್ನಾಗಿದೆ, ಕಟ್ಟಿಕೊಟ್ಟವರ ಕೆಲಸ ಅಷ್ಟಕ್ಕಷ್ಟೆ. ಶೆಡ್ಡಿನ ಹೆಸರು ಹಾಕುವುದಿಲ್ಲ. ಆದರೆ ಹೆಸರಘಟ್ಟದಲ್ಲೋ ಕನಕಪುರ ರಸ್ತೆಯಲ್ಲೋ ಒಂದು ಕುದುರೆ ಇಟ್ಟುಕೊಂಡು, ಶೋ ಇದ್ದಾಗ ದೇವನಹಳ್ಳಿ ಕಡೆ ಒಯ್ಯಬೇಕು ಅನ್ನುವವರಿಗೆ ಇದು ಉಪಯೋಗಕ್ಕೆ ಬರಬಹುದು. 2018ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ ಎರಡು ಬೆಳ್ಳಿ ತಂದಮೇಲೆ ಇಂಥವರು ಜಾಸ್ತಿ ಆದರು ಅನ್ನೋದು ನನ್ನ ಅನಿಸಿಕೆ.

ಲಾರಿ ಬಾಡಿಗೆಗೆ ತಗೊಂಡರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಕು, ಜೊತೆಗೆ ಇನ್ನೂ ಮೂರು ಕುದುರೆ ಇದ್ದರೆ. ಅಷ್ಟು ದೊಡ್ಡ ಡೆಕ್ಕಿನಲ್ಲಿ ಒಂದೇ ಕುದುರೆ ನಿಂತರೆ ಅದಕ್ಕೆ ಒರಗಲು ಏನೂ ಸಿಗುವುದಿಲ್ಲ, ದಾರಿಯುದ್ದಕ್ಕೂ ಸುಮ್ನೆ ಸುಸ್ತಾಗುತ್ತದೆ. ಮೇಲಾಗಿ ಡೆಕ್ ಎತ್ತರ. ಹತ್ತಿಸಲು ಪ್ರತಿಸಲ ಒಂದು ಮಣ್ಣು ದಿಬ್ಬ ಹುಡುಕಬೇಕು.

ಈಗ ಟ್ರೇಲರ್ ವಿಷಯ. ನೋಡಲು ಹೋದವರೆಲ್ಲ ಮೊದಲು ಪೇಂಟು, ಮೆತ್ತೆ, ಕಿಟಕಿ ನೋಡುತ್ತಾರೆ. ನಾನು ಮೊದಲು ಬಗ್ಗಿ ಚಕ್ರ ನೋಡಿ ಅನ್ನುತ್ತೇನೆ. ಒಂದೇ ಕುದುರೆಯ ಟ್ರೇಲರ್ ಅಗಲ ಕಡಿಮೆ, ಎತ್ತರ ಜಾಸ್ತಿ, ಒಳಗೆ ನಿಂತಿರುವುದು 450–500 ಕೆಜಿ ತೂಕದ ಜೀವ, ಅದೂ ಉದ್ದನೆಯ ನಾಲ್ಕು ಕಾಲಿನ ಮೇಲೆ, ಅಂದರೆ ಭಾರ ಎಲ್ಲ ಮೇಲ್ಗಡೆ. ಚಕ್ರಗಳು ಬಾಡಿಯ ಅಡಿಗೆ ಸೇರಿಕೊಂಡಿದ್ದರೆ ತಿರುವಿನಲ್ಲಿ ಓಲಾಡುತ್ತದೆ. ಚಕ್ರ ಬಾಡಿಯ ಹೊರಗಿರಬೇಕು, ನೆಲ ಎರಡು ಚಕ್ರದ ನಡುವೆ ತಗ್ಗಿನಲ್ಲಿ ಕೂರಬೇಕು. ನಾನು ಹಠ ಹಿಡಿದು ಹಾಗೇ ಮಾಡಿಸಿದೆ, ಎರಡು ಆಕ್ಸಲ್ (ಚಕ್ರದ ಅಚ್ಚು) ಹಾಕಿಸಿದೆ. ಒಂದೇ ಆಕ್ಸಲ್ ಸಾಕು ಸಾರ್, ಖರ್ಚು ಉಳಿಯುತ್ತೆ ಅಂದರು. ಒಂದು ಆಕ್ಸಲ್ ಇದ್ದರೆ ರಸ್ತೆಯ ಪ್ರತಿ ಹಂಪ್‌ಗೂ ಟ್ರೇಲರ್ ಮೂಗು ಕುಕ್ಕುತ್ತದೆ, ಟೈರ್ ಪಂಚರ್ ಆದರಂತೂ ಕೇಳಲೇಬೇಡಿ.

ಇನ್ನೊಂದು, ಆಕ್ಸಲ್ ಎಲ್ಲಿ ಕೂರಿಸುತ್ತಾರೆ ಅನ್ನೋದು. ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲೆ ಇರುತ್ತದೆ. ಸಾಮಾನು ಸಾಗಿಸುವ ಟ್ರೇಲರ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕುದುರೆ ಹತ್ತಿಸಿದ ಮೇಲೆ ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟು ಹಿಚ್ (ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಕೊಂಡಿ) ಮೇಲೆ ಕೂರಬೇಕು, ಎಳೆಯುವ ಗಾಡಿಯ ಕೈಪಿಡಿಯಲ್ಲಿರುವ ಮಿತಿಯನ್ನೂ ದಾಟಬಾರದು. ಕಮ್ಮಿಯಾದರೆ ಸ್ಪೀಡಿನಲ್ಲಿ ಟ್ರೇಲರ್ ಬಾಲ ಆಡಿಸುತ್ತದೆ, ಜಾಸ್ತಿಯಾದರೆ ಗಾಡಿಯ ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಡೆಲಿವರಿ ದಿನ ಹಿಚ್ ಕೆಳಗೆ ಒಂದು ತೂಕದ ಮೆಷಿನ್ ಇಟ್ಟು ನೋಡಿ. ಶೆಡ್ಡಿನವರು ನಗುತ್ತಾರೆ, ನಗಲಿ ಬಿಡಿ.

ಒಳಗಿನ ಅಗಲದ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ. ಇಕ್ಕಟ್ಟಾಗಿದ್ದರೆ ಕುದುರೆ ಬೀಳಲ್ಲ ಅಂತ ಬಹಳ ಜನ ನಂಬಿದ್ದಾರೆ. ನಾನು ಒಳಗೆ ಮೂಲೆಯಲ್ಲಿ ಒಂದು ಕ್ಯಾಮೆರಾ ಹಾಕಿಸಿದ್ದೇನೆ, ಪಕ್ಕದಲ್ಲಿ ಕೂತ ನಮ್ಮ ಸೈಸ್ (ಕುದುರೆ ನೋಡಿಕೊಳ್ಳುವವರು) ಅದನ್ನೇ ನೋಡುತ್ತಾ ಬರುತ್ತಾರೆ. ಬ್ರೇಕ್ ಒತ್ತಿದ ತಕ್ಷಣ ಕುದುರೆ ಕುತ್ತಿಗೆ ಎತ್ತಿ, ಮುಂಗಾಲು ಎರಡನ್ನೂ ಅಗಲಿಸಿ ಊರುತ್ತದೆ. ತಿರುವಿನಲ್ಲಿ ಹಿಂಗಾಲು ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತದೆ. "ಮೆಲ್ಲಗೆ ಸಾರ್, ಕಾಲು ಅಗಲ ಮಾಡ್ತಾ ಇದಾನೆ" ಅಂತ ಅವರಂದರೆ ನಾನು ಆಕ್ಸಿಲರೇಟರ್ ಬಿಡುತ್ತೇನೆ. ಆ ಒಂದು ಹೆಜ್ಜೆಗೆ ಜಾಗ ಇಲ್ಲದಿದ್ದರೆ ಅದು ಗೋಡೆಗೆ ಒದೆಯುತ್ತದೆ. 16 ಹ್ಯಾಂಡ್ ಎತ್ತರದ ಕುದುರೆಗೆ, ಅಂದರೆ ಭುಜದ ಹತ್ತಿರ 64 ಇಂಚು, ಒಳಗೆ 3 ಅಡಿಗಿಂತ ಸ್ವಲ್ಪ ಜಾಸ್ತಿ ಅಗಲ, 7 ಅಡಿ ಎತ್ತರ ಇದ್ದರೆ ಆರಾಮ.

ತಲೆ ತಗ್ಗಿಸಲೂ ಜಾಗ ಬೇಕು. ಬಹಳ ಹೊತ್ತು ತಲೆ ಮೇಲೆತ್ತಿ ಕಟ್ಟಿದರೆ ಶ್ವಾಸನಾಳದ ಕಫ, ಹುಲ್ಲಿನ ಧೂಳು ಹೊರಗೆ ಬರುವುದಿಲ್ಲ, ದೂರದ ಪ್ರಯಾಣ ಮುಗಿದಮೇಲೆ ಜ್ವರ, ಕೆಮ್ಮು ಶುರುವಾಗುವುದು ಹೀಗೇ. ಗಾಳಿಯೂ ಅಷ್ಟೇ ಮುಖ್ಯ, ಮೂತ್ರದ ಅಮೋನಿಯಾ ಒಳಗೇ ಉಳಿಯಬಾರದು. ಒಳಗೆ ಬಿಳಿ ಬಣ್ಣ ಹೊಡೆಸಿ. ಕತ್ತಲೆ ಗೂಡಿಗೆ ಯಾವ ಕುದುರೆಯೂ ಖುಷಿಯಿಂದ ಹತ್ತಲ್ಲ.

ಇನ್ನು ನನ್ನ ತಕರಾರು. ಕುದುರೆ ಹತ್ತುವ ರ‍್ಯಾಂಪಿಗೆ ಬರೀ ಚೆಕರ್ಡ್ ಪ್ಲೇಟ್ (ಉಬ್ಬುಗೆರೆಯ ಲೋಹದ ತಗಡು) ಹೊಡೆದು ಕೊಟ್ಟಿದ್ದರು. ಲಾಳ ಬಡಿದರೆ ಟಣ್ ಅಂತ ಸದ್ದು, ಮಳೆ ಬಿದ್ದರೆ ಜಾರಿಕೆ. ಕೀಲಿನ ಹತ್ತಿರ ಗೊರಸಿನ ತುದಿ ಸಿಕ್ಕಿಕೊಳ್ಳುವಷ್ಟು ಸಂದು ಬೇರೆ. ಕೇಳಿದ್ದಕ್ಕೆ "ಹಸುಗೆ ಹೀಗೇ ಮಾಡೋದು ಸಾರ್" ಅಂದರು. ರಬ್ಬರ್ ಮ್ಯಾಟ್ ಅಂಟಿಸಿ ಬೋಲ್ಟ್ ಹಾಕಿ, ಸಂದಿಗೆ ಪಟ್ಟಿ ಹೊಡೆಸಿದ್ದು ಬೇರೆ ಕಡೆ, ನನ್ನ ಖರ್ಚಿನಲ್ಲೇ. ಮೇಲಿನ ಗಾಳಿಕಿಂಡಿ ಮೊದಲ ಮಳೆಗೇ ಸೋರಿತು. ಹೇಳಿದ ದಿನಕ್ಕೆ ಕೊಡಲಿಲ್ಲ ಅನ್ನೋದನ್ನ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾ?

ಎರಡು ಕುದುರೆಯ ಟ್ರೇಲರ್ ಸೆಕೆಂಡ್‌ಹ್ಯಾಂಡ್ ಸಿಕ್ಕರೆ? ತಗೊಳ್ಳಿ, ತಪ್ಪಿಲ್ಲ. ಆದರೆ ಒಂದೇ ಕುದುರೆ ಇದ್ದಾಗ ಅದನ್ನು ಬಲಗಡೆ ನಿಲ್ಲಿಸಿ. ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರು, ಭಾರ ನಡುರಸ್ತೆಯ ಕಡೆ ಇದ್ದರೆ ಟ್ರೇಲರ್ ಅಂಚಿಗೆ ವಾಲುವುದಿಲ್ಲ. ಅಮೆರಿಕದ ವಿಡಿಯೋಗಳಲ್ಲಿ ಎಡಗಡೆ ಅನ್ನುತ್ತಾರೆ, ಅವರು ಓಡಿಸುವುದು ರಸ್ತೆಯ ಬಲಗಡೆ.

ಕಾಗದಪತ್ರ ಮರೆಯಬೇಡಿ. ಟ್ರೇಲರ್‌ಗೆ ಬೇರೆಯೇ ನೋಂದಣಿ ಬೇಕು. 1978ರ ಪ್ರಾಣಿ ಸಾಗಣೆ ನಿಯಮದ ಪ್ರಕಾರ, ಕುದುರೆ ಪ್ರಯಾಣಕ್ಕೆ ಯೋಗ್ಯವಾಗಿದೆ ಅಂತ ಪಶುವೈದ್ಯರ ಸರ್ಟಿಫಿಕೇಟ್ ಇರಬೇಕು. ಕುದುರೆ ಸಾಗಿಸುವ ಗಾಡಿಗೆ ಅದೇ ನಿಯಮದಲ್ಲಿ ಗಂಟೆಗೆ 35 ಕಿ.ಮೀ. ಮಿತಿ ಇದೆ. ತುಮಕೂರು ರಸ್ತೆಯಲ್ಲಿ ಆ ಸ್ಪೀಡಿಗೆ ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಬೆಲೆ ಇಲ್ಲಿ ಹಾಕುತ್ತಿಲ್ಲ, ಕಬ್ಬಿಣದ ರೇಟ್ ನೋಡಿಕೊಂಡು ಹೇಳುತ್ತಾರೆ. ಅಳತೆ ಮತ್ತು ಆಕ್ಸಲ್ ಜಾಗ ನೀವೇ ಬರೆದುಕೊಡುವುದಾದರೆ ಇಲ್ಲಿ ಕಟ್ಟಿಸಬಹುದು. ಅವರ ಮೇಲೇ ಬಿಡುವುದಾದರೆ ಬೇಡ. ನನ್ನದರಲ್ಲಿ ಕುದುರೆಯ ಹಿಂದೆ ಅಡ್ಡ ಹಾಕುವ ಬಾರ್‌ನ ಪಿನ್ ಇನ್ನೂ ಗಲಗಲ ಅನ್ನುತ್ತದೆ, ಒಂದು ರಬ್ಬರ್ ಬುಷ್ ಹಾಕಿಸಬೇಕು.