ಭೋಸರಿಯ ಸ್ವದೇಶಿ ಪಾಲಿನ ಲೆಕ್ಕ ಸೇವೆ: ನಮ್ಮ ಕಾರ್ಖಾನೆಯ ಅನುಭವ

ರಕ್ಷಣಾ ಸಚಿವಾಲಯದ 2020ರ ಖರೀದಿ ನಿಯಮಾವಳಿಯ ಭಾರತೀಯ ವರ್ಗದಲ್ಲಿ (ಭಾರತೀಯ ಮಾರಾಟಗಾರರಿಂದ ಕೊಳ್ಳುವ ವರ್ಗ) ದೇಶೀ ವಿನ್ಯಾಸದ ಸಾಮಗ್ರಿಗೆ ಕನಿಷ್ಠ ಶೇ. 50, ಇಲ್ಲದಿದ್ದರೆ ಶೇ. 60 ಸ್ವದೇಶಿ ಪಾಲು, ಅಂದರೆ ಬೆಲೆಯಲ್ಲಿ ದೇಶದಲ್ಲೇ ತಯಾರಾದುದರ ಭಾಗ, ಇರಬೇಕು. ಪುಣೆಯ ಭೋಸರಿಯಲ್ಲಿ ಬಿಡಿಭಾಗ ತಯಾರಿಸುವ ನಾವು ಈ ಲೆಕ್ಕಕ್ಕಾಗಿ ಅಲ್ಲಿಯದೇ ಒಂದು ಸಲಹಾ ಕಚೇರಿಗೆ ಹೋದೆವು. ಧಾರವಾಡ ಕಡೆಯ ಹಿರಿಯ ಲೆಕ್ಕಿಗರು ನಮ್ಮ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ, ಪುಣೆಯ ಅಂಗಡಿಯಲ್ಲೇ ರೂಪಾಯಿ ಕೊಟ್ಟು ಕೊಂಡ ಬೇರಿಂಗ್ ಕೂಡ ಜರ್ಮನಿಯಲ್ಲಿ ತಯಾರಾಗಿದ್ದರೆ ಆಮದಿನ ಲೆಕ್ಕಕ್ಕೇ ಸೇರುತ್ತದೆ, ವಿದೇಶಕ್ಕೆ ಕಟ್ಟುವ ರಾಯಧನ, ಪರವಾನಗಿ ಶುಲ್ಕಗಳನ್ನೂ ಸ್ವದೇಶಿ ಪಾಲಿನಿಂದ ಕಳೆಯಬೇಕು ಎಂದು ಕನ್ನಡದಲ್ಲೇ ಬಿಡಿಸಿ ಹೇಳಿದರು. ಇಂಥ ತಾಳ್ಮೆ ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಶುಲ್ಕವನ್ನು ಮೊದಲೇ ತಿಳಿಸಲಿಲ್ಲ, ಅಂತಿಮ ಪತ್ರ ಮೂರು ವಾರ ತಡವಾಯಿತು. ಟೆಂಡರಿನ ಗಡುವಿದ್ದವರಿಗೆ ಇದು ಸಣ್ಣ ಕೊರತೆಯಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.